ಸೆಲಿನಾ ಉಜ್ಜದ ಮೆಟ್ಟಿಲು

ಡಾರ್ಕಸ್ ಹೇವರ್ತ್ ಹೆಬ್ಬೆರಳಿಗೆ ಉಗುಳು ಹಚ್ಚಿ ಮೆಟ್ಟಿಲಿನ ಅಂಚನ್ನು ತೀಡಿದಳು. ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡಿತು.

ಅವಳು ಆ ಬೆರಳನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಳು. ಹೊದ್ದ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

ಈ ಮೆಟ್ಟಿಲ ಮೇಲೆ ಬಿಳಿ ಇರಲೇಕೂಡದಿತ್ತು.

ಸೆಲಿನಾ ಪಿಲ್ಲಿಂಗ್ ತನ್ನ ಬಾಗಿಲ ಮೆಟ್ಟಿಲನ್ನು ಎಂದೂ ಉಜ್ಜಿದವಳಲ್ಲ. ಟೆಂಟರ್ ಬೀದಿಯ ಹೆಂಗಸರು ಅವಳನ್ನು ಆಡಿಕೊಳ್ಳುತ್ತಿದ್ದುದೇ ಅದಕ್ಕೆ. ಶನಿವಾರ ಮಧ್ಯಾಹ್ನ ಬಟ್ಟೆ ಗಿರಣಿ ನಿಂತದ್ದೇ ತಡ, ಉಳಿದವರೆಲ್ಲ ಬಕೆಟ್ಟು ಹಿಡಿದು ಬಂದು, ಗೋಣಿತಾಟು ಹಾಸಿ ಮಂಡಿಯೂರುತ್ತಿದ್ದರು. ಹಳೇ ಬಟ್ಟೆಗೆ ಬದಲಾಗಿ ಚಿಂದಿಯವನು ಕೊಡುವ ಉಜ್ಜುಗಲ್ಲಿನಿಂದ ಮೆಟ್ಟಿಲಿಗೆ ಕೆನೆಬಣ್ಣ ಬಳಿದು, ಅಂಚಿಗೆ ಬಿಳಿ ಗೆರೆ ಎಳೆಯುತ್ತಿದ್ದರು. ಸೆಲಿನಾ ಮಾತ್ರ ಮಸಿ ಹಿಡಿದ ತನ್ನ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಪತ್ರಿಕೆ ಓದುತ್ತಿದ್ದಳು.

"ಕಲ್ಲು ಗಿರಣಿಯೋನದು, ಗೋಡೆ ಗಿರಣಿಯೋನದು, ಬಾಡಿಗೆ ತಗೊಳ್ಳೋನೂ ಅವನೇ," ಎನ್ನುತ್ತಿದ್ದಳು. "ಅವನೇ ಬಂದು ಮಂಡಿ ಊರ್ಲಿ. ವಾರವೆಲ್ಲಾ ಅವನ ಮಗ್ಗದ ಮುಂದೆ ನಿಂತಿರೋ ಕಾಲು ಇವು. ಅವನ ಕಲ್ಲಿಗೋಸ್ಕರ ಮಡಿಸಲ್ಲ."

ಅಂಥವಳ ಮೆಟ್ಟಿಲು ಈಗ ಕೆನೆಬಣ್ಣದಲ್ಲಿ ಹೊಳೆಯುತ್ತಿತ್ತು. ನಡುವೆ ಪೊಲೀಸರ ಬೂಟಿನ ಗುರುತುಗಳು ಮೆತ್ತಿದ್ದವು. ಆದರೆ ಕಾಲು ಬೀಳದ ಎರಡು ಪಕ್ಕಗಳಲ್ಲಿ ಬಣ್ಣ ಹೊಸದಾಗಿಯೇ ಇತ್ತು.

ಸೆಲಿನಾ ಗುರುವಾರ ರಾತ್ರಿ ಕಾಣೆಯಾದಳು, ಶುಕ್ರವಾರ ಸಂಜೆ ಗಿರಣಿಯ ಹೊಂಡದಲ್ಲಿ ತಲೆಯೊಡೆದ ಹೆಣವಾಗಿ ಸಿಕ್ಕಳು, ಆ ರಾತ್ರಿಯೇ ಪೊಲೀಸರು ಡಾರ್ಕಸ್‌ಳ ತಮ್ಮ ಈನಕ್‌ನನ್ನು ಎಳೆದುಕೊಂಡು ಹೋಗಿದ್ದರು. ಸೆಲಿನಾಳನ್ನು ಮದುವೆಯಾಗಬೇಕೆಂದು ಕಾದಿದ್ದವನು ಅವನು. ಗುರುವಾರ ಸಂಜೆ ಹೊಂಡದ ದಂಡೆಯ ಮೇಲೆ ಇಬ್ಬರೂ ಜಗಳವಾಡಿದ್ದನ್ನು ಗಿರಣಿಯಿಂದ ಮನೆಗೆ ಹೋಗುತ್ತಿದ್ದವರೆಲ್ಲ ಕಂಡಿದ್ದರು.

ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ. ಅಲ್ಲಿಂದ ದೊಡ್ಡ ಕೋರ್ಟು. ಅಲ್ಲಿಂದಾಚೆಗೆ ಹಗ್ಗ.

"ಎಲ್ಲಾ ನೆಟ್ಟಗೇ ಇದೆಯಲ್ಲಮ್ಮ," ಎಂದಿದ್ದ ಇನ್ಸ್‌ಪೆಕ್ಟರ್ ಡ್ರೇಪರ್. "ಅವಳು ತನ್ನ ಕಾಲಲ್ಲಿ ತಾನೇ ನಡ್ಕೊಂಡು ಹೊಂಡಕ್ಕೆ ಹೋದ್ಲು. ಜೋಡು ಒಂದು ಕಾಲಲ್ಲೇ ಇತ್ತು, ಇನ್ನೊಂದು ಕೆಸರಲ್ಲಿ ಹೂತುಹೋಗಿದೆ. ನಿನ್ನ ತಮ್ಮ ಅಲ್ಲೇ ಇದ್ದ. ಇನ್ನೇನು ಬೇಕು?"

ಇದೇ ಮೆಟ್ಟಿಲನ್ನು ಆತ ನಿನ್ನೆಯಿಂದ ಹತ್ತಿದ್ದೂ ಹತ್ತಿದ್ದೇ, ಇಳಿದದ್ದೂ ಇಳಿದದ್ದೇ. ಉಜ್ಜಿದ ಮೆಟ್ಟಿಲು ಕಂಡು, ಮರ್ಯಾದಸ್ಥರ ಮನೆ ಎಂದುಕೊಂಡಿರಬೇಕು. ಮೆಟ್ಟಿಲು ತಾನೇ ತಾನಾಗಿ ಬೆಳ್ಳಗಾಗುತ್ತದೆ ಎಂದು ನಂಬಿ ಬೆಳೆದ ಗಂಡಸು. ಅದರ ಹಿಂದೆ ಒಬ್ಬಳ ಮಂಡಿಯಿದೆ, ಒಡೆದ ಚರ್ಮವಿದೆ, ತಣ್ಣೀರಿಗೆ ಮರಗಟ್ಟಿದ ಬೆರಳಿದೆ ಎಂಬುದು ಆತನ ತಲೆಗೆ ಹೊಳೆಯುವುದಾದರೂ ಹೇಗೆ?

ಆದರೆ ಡಾರ್ಕಸ್‌ಗೆ ಹೊಳೆಯಿತು. ಕೊಳೆಯನ್ನೇ ಹಠದಂತೆ ಕಾಪಾಡಿಕೊಂಡಿದ್ದ ಕಲ್ಲನ್ನು ಯಾರೋ ತೊಳೆದಿದ್ದಾರೆ. ಕೊಳೆ ತೊಳೆಯಲು ಅಲ್ಲ, ಇನ್ನೇನನ್ನೋ ತೊಳೆಯಲು.

ಹಾಗಾದರೆ ಸೆಲಿನಾ ಸತ್ತದ್ದು ಹೊಂಡದ ದಂಡೆಯಲ್ಲಿ ಅಲ್ಲ. ಇಲ್ಲಿ. ಈ ಬಾಗಿಲಲ್ಲಿ. ಅಕ್ಕಪಕ್ಕದವರು ಕೆಮ್ಮಿದರೂ ಕೇಳಿಸುವ ಈ ಬೀದಿಯಲ್ಲಿ.

ಡಾರ್ಕಸ್ ತಲೆಯೆತ್ತಿದಳು. ಬೀದಿಯ ಎರಡೂ ಸಾಲಿನಲ್ಲಿ ಹೆಂಗಸರು ಮಂಡಿಯೂರಿದ್ದರು. ಕಲ್ಲಿನ ಮೇಲೆ ಕಲ್ಲು ಉಜ್ಜುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅವಳ ಕಣ್ಣು ಹೋದ ಕಡೆಯ ಹೆಂಗಸು ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಉಜ್ಜುತ್ತಿದ್ದಳು. ಗಂಡಸರು ಕಾಲ್ಚೆಂಡಿನ ಪಂದ್ಯಕ್ಕೆ ಹೋಗಿದ್ದರು. ಮೈದಾನದ ಕಡೆಯಿಂದ ಆಗಾಗ ಒಂದು ಕೂಗು ಹೆಂಚಿನ ಮೇಲಿಂದ ಹಾದು ಬಂದು ಅಡಗುತ್ತಿತ್ತು.

"ಸತ್ತೋಳ ಬಾಗಿಲಲ್ಲಿ ಏನೇ ಹುಡುಕ್ತಿದೀಯ?"

ಪಕ್ಕದ ಮನೆಯ ಹೆಪ್ಸಿ ಅಜ್ಜಿ, ತನ್ನ ಮೆಟ್ಟಿಲು ಉಜ್ಜುತ್ತಲೇ. ಹಲ್ಲಿಲ್ಲದ ಬಾಯಿ, ಗಂಡಸರ ಟೋಪಿ. ಮಗ್ಗದ ಮುಂದೆ ಬೆನ್ನು ಬಾಗಿ ಹಾಗೆಯೇ ಉಳಿದುಬಿಟ್ಟಿದ್ದ ಮುದುಕಿ.

"ಪೊಲೀಸ್ನೋರಿಗಿಂತ ಕಡೆ ಆದೆ ನೀನು. ಅವರಾದ್ರೂ ನಿಂತ್ಕೊಂಡು ಹುಡುಕಿದ್ರು."

"ನಿಂತ್ಕೊಂಡಿದ್ದಕ್ಕೇ ಅವರಿಗೆ ಏನೂ ಕಾಣ್ಲಿಲ್ಲ ಅಜ್ಜಿ," ಎಂದಳು ಡಾರ್ಕಸ್. ಅವಳ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಸೆಲಿನಾ ಮೆಟ್ಲು ಉಜ್ಜಿದ್ದು ಯಾರು?"

ಮುದುಕಿಯ ಕೈ ನಿಂತಿತು.

"ಉಜ್ಜಿದಾರಾ? ನಂಗೆಲ್ಲಿ ಕಣ್ಣು ಕಾಣುತ್ತೆ."

"ಮೊನ್ನೆ ಎದುರು ಸಾಲಿನ ಬೆಕ್ಕು ಬಸುರಿ ಅಂತ ಇಲ್ಲಿಂದಲೇ ಹೇಳಿದೋಳು ನೀನು."

"ಬೆಕ್ಕನ್ನ ನೋಡಿದ್ರೆ ಯಾರೂ ಮನೆ ಖಾಲಿ ಮಾಡಿಸಲ್ಲ ಮಗಳೇ."

ಮೈದಾನದ ಕೂಗು ಒಮ್ಮೆ ಎದ್ದು ಬಿದ್ದಿತು. ಹೆಪ್ಸಿ ಅಜ್ಜಿ ಬಟ್ಟೆ ಅದ್ದಿ ಹಿಂಡಿದಳು. "ಯಾರೋ ಪುಣ್ಯಾತಗಿತ್ತಿ ಇರ್ಬೇಕು. ಸತ್ತೋಳ ಮಾನ ಉಳೀಲಿ, ಹೆಣ ನೋಡೋಕೆ ಬರೋರು ಆಡ್ಕೋಬಾರ್ದು ಅಂತ."

"ಹೆಣ ಸಿಕ್ಕಿದ್ದು ಶುಕ್ರವಾರ ಸಂಜೆ. ಗಿರಣಿಗೆ ಹೊತ್ತಾಯ್ತು ಅಂತ ದಿನಾ ಕಿಟಕಿ ಬಡಿದು ಎಬ್ಬಿಸೋನು ಅವತ್ತು ಬೆಳಿಗ್ಗೆ ಕತ್ತಲಲ್ಲೇ ಇಲ್ಲಿ ಜಾರಿಬಿದ್ದನಂತೆ. ಮೆಟ್ಲು ಆಗಲೇ ಒದ್ದೆಯಾಗಿತ್ತು. ಅವಳು ಸತ್ತಿದ್ದೇ ಯಾರಿಗೂ ಗೊತ್ತಿಲ್ಲದಾಗ ಅವಳ ಮಾನ ಉಳಿಸೋಕೆ ಬಂದೋಳು ಯಾರು?"

ಹೆಪ್ಸಿ ಅಜ್ಜಿ ಬಟ್ಟೆಯನ್ನು ಮತ್ತೆ ಅದ್ದಿದಳು. ಮುಖ ಕೆಳಗೇ ಇತ್ತು. ಆಮೇಲೆ ಬಕೆಟ್ಟಿಗೆ ಹೇಳುವವಳಂತೆ ಹೇಳಿದಳು:

"ಎಫೀ ಇವತ್ತು ಸುಳಿ ಹಾಕಿಲ್ಲ ನೋಡು."

ಅಷ್ಟೇ. ಮತ್ತೆ ಕಲ್ಲೆತ್ತಿ ಉಜ್ಜತೊಡಗಿದಳು.

ಈ ಬೀದಿಯಲ್ಲಿ ಒಬ್ಬೊಬ್ಬಳ ಮೆಟ್ಟಿಲಿನ ಕೈಬರಹವೂ ಬೇರೆ. ಒಬ್ಬಳು ಅಂಚು ದಪ್ಪ ಎಳೆಯುತ್ತಾಳೆ, ಇನ್ನೊಬ್ಬಳು ಪಕ್ಕದ ಗೋಡೆಗೂ ಒಂದಿಷ್ಟು ಬಳಿಯುತ್ತಾಳೆ. ಎದುರು ಮನೆಯ ಎಫೀ ನಟ್ಟಲ್ ಮಾತ್ರ ಎರಡೂ ಮೂಲೆಗಳಲ್ಲಿ ಬಿಳಿ ಗೆರೆಯನ್ನು ಒಳಕ್ಕೆ ಬಾಗಿಸಿ ಸುಳಿ ತಿರುವುತ್ತಿದ್ದಳು. ಗುಡ್ಡದಾಚೆ ಯಾರ್ಕ್‌ಶೈರಿನವಳಾದ ತಾಯಿ ಕಲಿಸಿದ್ದು. ಬೆಣ್ಣೆ ಅಂಗಡಿಯ ಬೋರ್ಡು ಎಂದು ಬೀದಿಯವರು ನಗುತ್ತಿದ್ದರು. ನಕ್ಕರೂ ಅವಳು ಬಿಟ್ಟಿರಲಿಲ್ಲ.

ಡಾರ್ಕಸ್ ಮತ್ತೆ ಸೆಲಿನಾಳ ಬಾಗಿಲಿಗೆ ಹೋದಳು. ಎಡ ಮೂಲೆಯನ್ನು ಬೂಟುಗಳು ಅಳಿಸಿದ್ದವು. ಬಲ ಮೂಲೆಯಲ್ಲಿ, ಗೋಡೆಯ ಸಂದಿನಲ್ಲಿ, ಬಿಳಿ ಗೆರೆ ಒಳಕ್ಕೆ ಬಾಗಿ ಸುಳಿ ತಿರುಗಿತ್ತು.

ತಿರುಗಿ ಎದುರು ಮನೆ ನೋಡಿದಳು. ಎಫೀಯ ಮೆಟ್ಟಿಲು ಆಗತಾನೇ ಉಜ್ಜಿದ್ದು, ಇನ್ನೂ ಹಸಿ. ಮೂಲೆಗಳಲ್ಲಿ ಗೆರೆ ನೇರವಾಗಿ ಬಂದು ನಿಂತಿತ್ತು.

ಎಲ್ಲ ಬಿಟ್ಟು ಆ ಮನೆ.

ಎಫೀಯ ಗಂಡ ವಿಲ್ಫ್ರೆಡ್ ನಟ್ಟಲ್ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿ. ಮಗ್ಗ ಕೆಟ್ಟರೆ ಸರಿ ಮಾಡಬೇಕಾದವನು. ಮಗ್ಗ ನಿಂತಷ್ಟು ಹೊತ್ತು ನೇಯುವವಳಿಗೆ ಕೂಲಿ ಇಲ್ಲ. ಆದ್ದರಿಂದ ಯಾರ ಮಗ್ಗಕ್ಕೆ ಮೊದಲು ಕೈ ಹಾಕಬೇಕು, ಯಾರನ್ನು ಕಾಯಿಸಬೇಕು ಎಂದು ತೀರ್ಮಾನಿಸುವವನ ಕೈಯಲ್ಲೇ ಬೀದಿಯ ಅಷ್ಟೂ ಹೆಂಗಸರ ಅನ್ನವಿತ್ತು. ನಟ್ಟಲ್‌ನಿಗೆ ಅದು ಚೆನ್ನಾಗಿ ಗೊತ್ತಿತ್ತು. ಹದಿನಾರು ದಾಟದ ಹುಡುಗಿಯರಿಗೂ ಗೊತ್ತು ಮಾಡಿಸಿದ್ದ. ಬಿಡಿಭಾಗಗಳ ಕೋಣೆಗೆ ಕರೆದ ಕೂಡಲೇ ಹೋದವಳ ಮಗ್ಗ ಬೇಗ ತಿರುಗುತ್ತಿತ್ತು. ಹೋಗದವಳದು ದಿನವಿಡೀ ಸತ್ತು ಬಿದ್ದಿರುತ್ತಿತ್ತು.

ಇದನ್ನು ಬಲ್ಲವರು ಎಲ್ಲರೂ. ಆಡಿದವರು ಯಾರೂ ಇಲ್ಲ.

ಡಾರ್ಕಸ್ ಬೀದಿ ದಾಟಿದಳು. ಅಷ್ಟು ಕಿರಿದಾದ ಬೀದಿಯನ್ನು ದಾಟುವಾಗಲೂ ಬೆನ್ನಿನ ಮೇಲೆ ನೂರು ಕಣ್ಣು ಬಿದ್ದ ಹಾಗೆ ಅನಿಸಿತು. ಉಜ್ಜುವ ಸದ್ದು ಮಾತ್ರ ನಿಲ್ಲಲಿಲ್ಲ.

ಬಾಗಿಲು ತಟ್ಟುವ ಮೊದಲೇ ತೆರೆಯಿತು. ಎಫೀ ಬಾಗಿಲ ಹಿಂದೆಯೇ ನಿಂತಿದ್ದಿರಬೇಕು. ಸಣ್ಣ ಮೈಕಟ್ಟಿನ ಹೆಂಗಸು. ಬಲಗೈಯ ಗೆಣ್ಣುಗಳು ಸುಲಿದು ಕೆಂಪಗಿದ್ದವು.

"ಬಾ ಒಳಗೆ," ಎಂದಳು. "ಮೆಟ್ಲು ಹಸಿಯಿದೆ, ದಾಟ್ಕೊಂಡು ಬಾ."

ಮುಂದಿನ ಕೋಣೆ ಕತ್ತಲಾಗಿತ್ತು. ಮೇಲಕ್ಕೆ ಹೋಗುವ ಮರದ ಮೆಟ್ಟಿಲುಗಳ ಪಕ್ಕದಿಂದ ಹಾದು ಎಫೀ ಅವಳನ್ನು ಹಿಂದಿನ ಅಡುಗೆಮನೆಗೆ ಕರೆದೊಯ್ದಳು. ನಡುಬಾಗಿಲು ಹಾಕಿದಳು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು. ಹಿತ್ತಲ ಕಡೆಯ ಕಿಟಕಿಗೆ ಅರ್ಧಕ್ಕೆ ಪರದೆ ಕಟ್ಟಿತ್ತು. ಡಾರ್ಕಸ್ ಕಿಟಕಿಗೆ ಬೆನ್ನು ಮಾಡಿ ಕೂತಳು, ಎಫೀ ಎದುರಿಗೆ.

"ಯಜಮಾನ್ರು ಮನೇಲಿಲ್ವಾ?"

"ಪಂದ್ಯಕ್ಕೆ ಹೋಗಿದಾರೆ," ಎಂದಳು ಎಫೀ, ಬೇಕೆಂದೇ ಗಟ್ಟಿಯಾಗಿ.

ಅದೇ ಉಸಿರಿನಲ್ಲಿ ಅವಳ ತುಟಿ ಸದ್ದಿಲ್ಲದೆ, ಅಗಲಗಲವಾಗಿ ಬೇರೆಯದನ್ನೇ ಹೇಳಿತು: ‘ಮೇಲಿದಾನೆ.’

ಡಾರ್ಕಸ್ ಅವಳ ತುಟಿಯಿಂದ ಕಣ್ಣು ಕೀಳಲಿಲ್ಲ.

ಮಗ್ಗಗಳ ಮನೆಯಲ್ಲಿ ಕೂಗಿದರೂ ಕಿವಿಗೆ ಬೀಳುವುದಿಲ್ಲ. ಸಾವಿರ ಮಗ್ಗ ಒಟ್ಟಿಗೆ ಬಡಿಯುವಾಗ ಮನುಷ್ಯರ ದನಿ ಯಾವ ಮೂಲೆಗೆ? ಅದಕ್ಕೇ ಲಾಂಕಶೈರಿನ ನೇಯುವ ಹೆಂಗಸರು ಹುಡುಗಿಯರಾಗಿದ್ದಾಗಲೇ ತುಟಿಮಾತು ಕಲಿಯುತ್ತಾರೆ. ದನಿ ಬೇಡ, ತುಟಿ ಸಾಕು. ಎಂಟು ಮಗ್ಗದಾಚೆ ನಿಂತವಳ ಜೊತೆ ಗಂಡನ ಕುಡಿತ, ಅತ್ತೆಯ ಕಾಟ ಎಲ್ಲವನ್ನೂ ಆಡಿ ಮುಗಿಸುತ್ತಾರೆ. ಒಂದೇ ನಿಯಮ: ಎದುರಿನವಳ ತುಟಿ ಬಿಟ್ಟು ಕಣ್ಣು ಆಚೀಚೆ ಹೋಗಕೂಡದು. ಹೋದರೆ ಮಾತು ಹೋಯಿತು.

"ಟೀ ಕುಡೀತೀಯಾ?" ಎಂದಳು ಎಫೀ ಬಾಯಿಬಿಟ್ಟು.

"ಕೊಡು. ಸಕ್ಕರೆ ಬೇಡ," ಎಂದಳು ಡಾರ್ಕಸ್. ತುಟಿಯಲ್ಲಿ ಹೇಳಿದಳು: ‘ಸೆಲಿನಾ ಮೆಟ್ಲು ಉಜ್ಜಿದ್ದು ನೀನು.’

ಎಫೀ ಬಟ್ಟಲಿಗೆ ಟೀ ಬಗ್ಗಿಸಿದಳು. ಅರ್ಧ ತಟ್ಟೆಗೆ ಚೆಲ್ಲಿತು.

"ಶುಂಠಿ ಕೇಕು ಮಾಡಿದೀನಿ. ಸ್ವಲ್ಪ ಕರ್ರಗಾಗೋಯ್ತು," ಎಂದಳು. ತುಟಿ ಹೇಳಿತು: ‘ಸುಳಿ ನೋಡಿದ್ಯಾ?’

‘ನೋಡಿದೆ.’

‘ನಂಗೆ ಉಜ್ಜೋಕೆ ಮನಸ್ಸಿರ್ಲಿಲ್ಲ. ಬರೀ ತೊಳೀಬೇಕಿತ್ತು. ತೊಳೆದ ಮೇಲೆ ಕಲ್ಲು ಬೆತ್ತಲೆ ನಿಂತ ಹಾಗೆ ಕಾಣ್ತು. ಹಾಗೇ ಬಿಡೋಕಾಗ್ಲಿಲ್ಲ. ಕೈ ತಾನಾಗೇ ಕಲ್ಲು ಎತ್ಕೊಳ್ತು. ಅಂಚು ಎಳೀತು. ಮೂಲೆಗೆ ಬಂದಾಗ ಸುಳಿ ತಿರುವಿಬಿಡ್ತು. ಆಮೇಲೆ ನೋಡ್ತೀನಿ, ನನ್ನ ಹೆಸರೇ ಬರೆದಿಟ್ಟ ಹಾಗಿದೆ.’

"ಕರ್ರಗಾದ್ರೆ ಏನಂತೆ, ಶುಂಠಿ ಚೆನ್ನಾಗಿದೆ," ಎಂದಳು ಡಾರ್ಕಸ್, ಕೇಕನ್ನು ಮುಟ್ಟದೆ. ‘ಏನು ತೊಳೆದೆ?’

ಎಫೀಯ ತುಟಿ ಬಿಗಿಯಿತು. ತಲೆಯ ಮೇಲೆ ಹಲಗೆ ಕಿರುಗುಟ್ಟಿತು. ಮಂಚದಿಂದ ಯಾರೋ ಕಾಲು ಇಳಿಬಿಟ್ಟ ಸದ್ದು. ಇಬ್ಬರೂ ಉಸಿರು ಹಿಡಿದರು. ಒಂದು ಕೆಮ್ಮು. ಮತ್ತೆ ಸದ್ದಿಲ್ಲ.

"ಮಾಡಿನ ಮೇಲೆ ಪಾರಿವಾಳದ ಕಾಟ ನೋಡು," ಎಂದಳು ಎಫೀ ನಗುವ ದನಿಯಲ್ಲಿ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ‘ರಕ್ತ.’

ಡಾರ್ಕಸ್ ಮೇಜಿನ ಅಂಚು ಹಿಡಿದುಕೊಂಡಳು.

‘ಮೊದಲಿಂದ ಹೇಳು.’

‘ಗುರುವಾರ ಸೆಲಿನಾ ಇಲ್ಲಿಗೆ ಬಂದಿದ್ಲು. ನೀನು ಕೂತಿದೀಯಲ್ಲ, ಅಲ್ಲೇ ಕೂತ್ಲು. ಶನಿವಾರ ಸಂಜೆ ನೇಕಾರರ ಸಂಘದ ಸಭೇಲಿ ಎದ್ದು ನಿಂತು ಇವನ ಹೆಸರು ಹೇಳ್ತೀನಿ ಅಂದ್ಲು. ಬಿಡಿಭಾಗದ ಕೋಣೆ, ಆ ಹುಡುಗೀರು, ಎಲ್ಲಾ. ಅಷ್ಟು ಜನರ ಮಧ್ಯೆ ಮೊದಲ ಸಲ ಕೇಳಿ ನೀನು ನೆಲ ನೋಡೋ ಹಾಗಾಗ್ಬಾರ್ದು, ಅದಕ್ಕೇ ಮುಂಚೆ ಬಂದು ಹೇಳ್ತಿದೀನಿ ಅಂದ್ಲು. ನಂಗೆ ಗೊತ್ತಿತ್ತು ಡಾರ್ಕಸ್. ಎಷ್ಟೋ ವರ್ಷದಿಂದ ಗೊತ್ತಿತ್ತು. ಆದ್ರೆ ನನ್ನ ಮರ್ಯಾದೆ ಬಗ್ಗೆ ಯೋಚನೆ ಮಾಡಿದೋಳು ಅವಳೊಬ್ಳೇ.’

‘ಈನಕ್ ಜೊತೆ ಜಗಳ?’

‘ಅದೂ ಇದಕ್ಕೇ. ಸಭೇಲಿ ಮಾತಾಡ್ಬೇಡ, ಕೆಲಸ ಹೋಗುತ್ತೆ, ಮನೆ ಹೋಗುತ್ತೆ ಅಂತ ಅವನು ಬೇಡ್ಕೊಂಡನಂತೆ. ಹೆದರುಪುಕ್ಲ ಅಂತ ಬೈದು ಬಂದೆ ಅಂದ್ಲು. ನಗ್ತಾ ಹೇಳಿದ್ಲು.’

ಡಾರ್ಕಸ್ ಕಣ್ಣು ಮುಚ್ಚಿ ತೆರೆದಳು. ತಮ್ಮನ ಕತ್ತಿಗೆ ಹಗ್ಗ ಹೆಣೆಯುತ್ತಿದ್ದ ಜಗಳ ಅದು. ಠಾಣೆಯಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಆ ಹುಡುಗಿಯರ ಹೆಸರನ್ನೂ ಹೇಳಬೇಕಾಗುತ್ತಿತ್ತು.

‘ನಟ್ಟಲ್ ಆಗ ಎಲ್ಲಿದ್ದ?’

ಎಫೀ ಕಣ್ಣೆತ್ತಿ ಮಾಡು ತೋರಿಸಿದಳು. ‘ಇವತ್ತು ಇರೋ ಕಡೇನೇ. ಅವತ್ತು ನಾವು ಬಾಯಿಬಿಟ್ಟು ಮಾತಾಡಿದ್ವಿ.’

ಅವಳು ಕಣ್ಣೊರೆಸಿಕೊಂಡಳು. ಇಬ್ಬರೂ ಟೀಯನ್ನೂ ಕೇಕನ್ನೂ ಮರೆತಿದ್ದರು. ಬಾಯಿಮಾತು ನಿಂತು ಎಷ್ಟು ಹೊತ್ತಾಯಿತೆಂಬ ಎಚ್ಚರ ಇಬ್ಬರಿಗೂ ಇರಲಿಲ್ಲ.

‘ರಾತ್ರಿ ಎಚ್ಚರ ಆದಾಗ ಪಕ್ಕದಲ್ಲಿ ಅವನಿರ್ಲಿಲ್ಲ. ಬೆಳಗಿನ ಜಾವ ಬಂದು ಎಬ್ಬಿಸ್ದ. ಪ್ಯಾಂಟು ಮಂಡಿ ತನಕ ಒದ್ದೆ. ಸೆಲಿನಾಗೆ ಮೂಗಿಂದ ರಕ್ತ ಬಂದು ಮೆಟ್ಲೆಲ್ಲಾ ಗಲೀಜಾಗಿದೆ, ತಂಗಿ ಮನೆಗೆ ಹೋದ್ಲು, ಬೀದಿಯೋರು ಏಳೋ ಮೊದಲು ತೊಳೆದುಬಿಡು, ನೆರೆಹೊರೆ ಅಂದ್ಮೇಲೆ ಮಾಡ್ಬೇಕು ಅಂದ. ನಾನು ಬಕೆಟ್ಟು ತಗೊಂಡು ಹೋದೆ.’

‘ಮೂಗಿನ ರಕ್ತ ಅಂತ ನಂಬಿದ್ಯಾ?’

ಎಫೀ ಸುಲಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

‘ಮಂಡಿ ಊರೋ ತನಕ ನಂಬಿದ್ದೆ. ಕೂದಲು ಅಂಟ್ಕೊಂಡಿತ್ತು. ಆದ್ರೂ ತೊಳೆದೆ. ಕೂಗಿದ್ರೆ ಬೀದಿಯೆಲ್ಲಾ ಏಳ್ತಿತ್ತು. ಕೂಗ್ಲಿಲ್ಲ. ಅವನು ನಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ದ. ಮೂಲೆ ಬಿಡ್ಬೇಡ ಅಂದ.’

ಡಾರ್ಕಸ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಈ ಹೆಂಗಸಿನ ಜಾಗದಲ್ಲಿ ತಾನಿದ್ದರೂ ಕೂಗುತ್ತಿರಲಿಲ್ಲವೇನೋ ಎಂಬ ಹೆದರಿಕೆ. ಹುಟ್ಟಿದಂದಿನಿಂದ ಕಲಿಸಿದ್ದು ಒಂದೇ: ಏನೇ ಆಗಲಿ, ಬಾಗಿಲು ಚೊಕ್ಕಟವಾಗಿರಬೇಕು. ಒಳಗೆ ಹಸಿವಿರಲಿ, ಹೊಡೆತವಿರಲಿ, ಹೆಣವಿರಲಿ. ಬೀದಿಗೆ ಕಾಣುವ ಒಂದು ಮೊಳ ಕಲ್ಲು ಬೆಳ್ಳಗಿದ್ದರೆ ಎಲ್ಲವೂ ಸರಿ.

ಹೊರಗೆ ಏನೋ ಬದಲಾಯಿತು.

ಮೊದಲು ಅದೇನೆಂದು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಮುಂಬಾಗಿಲ ಆಚೆಯಿಂದ ಇಷ್ಟು ಹೊತ್ತೂ ಬರುತ್ತಿದ್ದ ಉಜ್ಜುವ ಸದ್ದು ನಿಂತಿತ್ತು. ಬೀದಿಗೆ ಬೀದಿಯೇ ಕೈ ಎತ್ತಿ ಹಿಡಿದ ಹಾಗೆ. ನಾಲ್ಕು ಉಸಿರಿನಷ್ಟು ಹೊತ್ತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಳೆ ಹನಿಯಿತೇನೋ ಎಂದುಕೊಂಡಳು ಡಾರ್ಕಸ್. ಎಫೀಯ ತುಟಿ ಮತ್ತೆ ಅಲುಗುತ್ತಿತ್ತು, ಕಣ್ಣು ಕೀಳುವ ಹಾಗಿರಲಿಲ್ಲ.

‘ಸೋಮವಾರ ನನ್ನ ಜೊತೆ ಬಾ,’ ಎಂದಳು ಡಾರ್ಕಸ್ ತುಟಿಯಲ್ಲಿ. ‘ಮ್ಯಾಜಿಸ್ಟ್ರೇಟರ ಮುಂದೆ ಇಷ್ಟನ್ನೇ ಹೇಳು.’

‘ಗಂಡನ ವಿರುದ್ಧ ಹೆಂಡತಿ ಮಾತು ಯಾರು ಕೇಳ್ತಾರೆ? ಹುಚ್ಚಿ ಅಂತ ಸಹಿ ಹಾಕಿಸಿ ಆಸ್ಪತ್ರೆಗೆ ತಳ್ತಾನೆ. ಹೋದ ವರ್ಷವೇ ಹೇಳಿದ್ದ. ನಿನ್ನ ತಮ್ಮ ಉಳಿಯಲ್ಲ, ನಾನೂ ಉಳಿಯಲ್ಲ.’

‘ಸುಳಿ ಇದೆಯಲ್ಲ.’

‘ಸುಳಿ.’ ಎಫೀಯ ಮುಖದಲ್ಲಿ ನಗುವಿನಂಥ ಏನೋ ಬಂದುಹೋಯಿತು. ‘ಆ ಇನ್ಸ್‌ಪೆಕ್ಟರ್‌ಗೆ ಸುಳಿ ತೋರಿಸ್ತೀಯಾ? ನಾಳೆ ಮಳೆ ಬಂದ್ರೆ ಅದೂ ಇಲ್ಲ.’

ಸರಿಯಾದ ಮಾತು. ತಮ್ಮನ ಕತ್ತು ಉಳಿಸಲು ಅವಳ ಕೈಯಲ್ಲಿದ್ದದ್ದು ಒಂದು ಹಿಡಿ ಬಿಳಿ ಪುಡಿ.

ಆಗ ಎಫೀ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

‘ಇನ್ನೊಂದಿದೆ. ಅವನಿಗೂ ಗೊತ್ತಿಲ್ಲ.’

‘ಏನು?’

‘ತೊಳೀತಾ ಇದ್ದಾಗ, ಮೆಟ್ಲು ಪಕ್ಕದ ಚರಂಡಿ ಬಾಯಲ್ಲಿ ಕೈಗೆ ತಾಗ್ತು. ಅವಳ ಜೋಡು. ಎಡಗಾಲಿಂದು.’

ಡಾರ್ಕಸ್ ಮೇಲೆದ್ದುಬಿಟ್ಟಳು, ಮತ್ತೆ ಕೂತಳು. ಮರದಟ್ಟೆಯ, ಅಡಿಗೆ ಕಬ್ಬಿಣದ ಲಾಳ ಬಡಿದ, ಮುಂದೆ ಹಿತ್ತಾಳೆ ತಗಡು ಹಾಕಿದ ಸೆಲಿನಾಳ ಜೋಡು. ಬಲಗಾಲಿನದು ಪೊಲೀಸ್ ಠಾಣೆಯಲ್ಲಿದೆ. ಎಡಗಾಲಿನದು ಹೊಂಡದ ಕೆಸರಿನಲ್ಲಿ ಹೂತಿದೆ ಎಂದು ಇನ್ಸ್‌ಪೆಕ್ಟರ್ ಬರೆದುಕೊಂಡಾಗಿದೆ. ಅದು ಅವಳ ಬಾಗಿಲಲ್ಲೇ ಕಳಚಿ ಬಿದ್ದಿದ್ದರೆ, ಅವಳು ನಡೆದುಕೊಂಡು ಹೊಂಡಕ್ಕೆ ಹೋಗಿಲ್ಲ. ಹೊತ್ತುಕೊಂಡು ಹೋಗಿದ್ದಾರೆ. ಪೊಲೀಸರ ಲೆಕ್ಕದಲ್ಲಿ ಕೊಲೆ ನಡೆದದ್ದು ಸಂಜೆಯ ಜಗಳದ ಹೊತ್ತಿಗೆ; ಅವಳು ನಿಜವಾಗಿ ಸತ್ತ ಹೊತ್ತಿನಲ್ಲಿ ಈನಕ್ ಗಿರಣಿಯ ಬಾಯ್ಲರ್ ಮನೆಯಲ್ಲಿ ರಾತ್ರಿಪಾಳಿಯವರ ಜೊತೆ ಬೆಂಕಿಗೆ ಇದ್ದಲು ಹಾಕುತ್ತಿದ್ದ.

‘ಬಕೆಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿ ಅವನ ಮುಂದೇನೇ ಒಳಗೆ ತಂದೆ. ಸುಡೋಣ ಅಂತಲೇ ತಂದೆ. ಒಲೆಗೆ ಹಾಕೋಕೆ ಕೈ ಬರ್ಲಿಲ್ಲ. ಅದರ ಮೇಲೆ ರಕ್ತ ಹಾಗೇ ಇದೆ ಡಾರ್ಕಸ್. ಅದನ್ನ ತೊಳೀಲಿಲ್ಲ ನಾನು. ಅದೊಂದನ್ನ ತೊಳೀಲಿಲ್ಲ.’

‘ಎಲ್ಲಿದೆ?’

ಎಫೀ ಇನ್ನಷ್ಟು ಮುಂದೆ ಬಾಗಿದಳು. ಇಬ್ಬರ ಹಣೆಯೂ ತಾಗುವಷ್ಟು. ಒಂದು ಗೇಣು ದೂರದಲ್ಲಿ ಅವಳ ತುಟಿ ಅಲುಗಿತು.

‘ಹಿತ್ತಲು. ಇದ್ದಲ ಗೂಡು. ರಾಶಿಯ ತಳದಲ್ಲಿ.’

ಡಾರ್ಕಸ್ ತಲೆಯಾಡಿಸಿದಳು. ಹೇಗೆ ತೆಗೆಯುವುದು ಎಂದು ಯೋಚಿಸುತ್ತಲೇ ಒಲೆ ನೋಡಿದಳು. ಕೆಂಡ ಬೂದಿಯಾಗುತ್ತಿತ್ತು. ಒಲೆಯ ಪಕ್ಕದಲ್ಲಿ ಖಾಲಿ ಇದ್ದಲ ಬಕೆಟ್ಟು. ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಹಿತ್ತಲಿಗೆ ಹೋಗುವುದು, ಬಕೆಟ್ಟು ತುಂಬುವುದು, ಜೋಡನ್ನು ಶಾಲಿನೊಳಗೆ ಸೇರಿಸುವುದು, ಹಿತ್ತಲ ಬಾಗಿಲಿಂದ ಹಿಂದಿನ ಓಣಿಗೆ ಇಳಿಯುವುದು. ಮೇಲಿರುವವನು ಇಳಿದು ಬರುವ ಹೊತ್ತಿಗೆ ಅವಳು ಠಾಣೆಯ ಬಾಗಿಲಲ್ಲಿರುತ್ತಾಳೆ.

"ಒಲೆ ಆರ್ತಾ ಇದೆಯಲ್ಲೇ ಎಫೀ," ಎಂದಳು ಗಟ್ಟಿಯಾಗಿ. ಇಷ್ಟು ಹೊತ್ತಿನ ಮೌನದ ಮೇಲೆ ಆ ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು. "ನೀನು ಕೂತ್ಕೋ. ನಾನೇ ಒಂದಿಷ್ಟು ಇದ್ದಲು ತರ್ತೀನಿ."

ಬಕೆಟ್ಟು ಎತ್ತಿಕೊಂಡು ಹಿತ್ತಲ ಬಾಗಿಲ ಕಡೆ ತಿರುಗಿದಳು.

ಅರ್ಧ ಪರದೆಯ ಮೇಲೆ, ಕಿಟಕಿಯ ಗಾಜಿಗೆ ತಾಗಿದಂತೆ, ಒಂದು ಮುಖವಿತ್ತು.

ವಿಲ್ಫ್ರೆಡ್ ನಟ್ಟಲ್. ಅಂಗಿಯ ಮೇಲೆ ಕೋಟಿಲ್ಲ. ಉಸಿರಿನಿಂದ ಗಾಜಿನ ಮೇಲೆ ಮಂಜು ಕಟ್ಟಿತ್ತು. ಅದು ದಪ್ಪವಾಗಿತ್ತು. ಈಗ ಬಂದು ನಿಂತವನ ಉಸಿರಲ್ಲ.

ಬೀದಿಯ ಸದ್ದು ಏಕೆ ನಿಂತಿತ್ತು ಎಂದು ಡಾರ್ಕಸ್‌ಗೆ ಅರ್ಥವಾಯಿತು. ಅವನು ಬರೀ ಕಾಲುಚೀಲದಲ್ಲಿ ಮರದ ಮೆಟ್ಟಿಲು ಇಳಿದು, ಮುಂಬಾಗಿಲಿಂದ ಹೊರಬಿದ್ದು, ಮಂಡಿಯೂರಿದ್ದ ಹೆಂಗಸರ ನಡುವೆ ನಡೆದುಕೊಂಡೇ ಓಣಿ ಸುತ್ತಿ ಬಂದಿದ್ದ. ಎಲ್ಲರೂ ನೋಡಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವನನ್ನು ಕೆಳಗೆ ಇಳಿಸಿದ್ದು ತಮ್ಮಿಬ್ಬರ ಮಾತಲ್ಲ, ತಮ್ಮಿಬ್ಬರ ಮೌನ. ಇಬ್ಬರು ನೇಯುವ ಹೆಂಗಸರು ಅಡುಗೆಮನೆಯಲ್ಲಿ ಸುಮ್ಮನಾದರೆ ಅದರ ಅರ್ಥವೇನೆಂದು ಮಗ್ಗಗಳ ನಡುವೆಯೇ ಆಯುಸ್ಸು ಕಳೆದ ಮೇಸ್ತ್ರಿಗೆ ಹೇಳಿಕೊಡಬೇಕೇ? ಹೆಂಗಸರ ತುಟಿ ಓದಲು ಅವನಿಗಿಂತ ಹೆಚ್ಚು ಅಭ್ಯಾಸವಿದ್ದವನು ಇಡೀ ಗಿರಣಿಯಲ್ಲಿ ಇರಲಿಲ್ಲ.

ಹಿಂದೆ ಎಫೀಯ ಕೈಯಿಂದ ಟೀ ಬಟ್ಟಲು ಬಿದ್ದು ಒಡೆಯಿತು.

ನಟ್ಟಲ್ ಕದಲಲಿಲ್ಲ. ಆರಾಮವಾಗಿ ಒರಗಿ ನಿಂತಿದ್ದ. ಅವನ ಎಡ ಮೊಳಕೈ ಕಿಟಕಿಯ ಪಕ್ಕದ ಇದ್ದಲ ಗೂಡಿನ ಮುಚ್ಚಳದ ಮೇಲಿತ್ತು.

ಅವನು ತುಟಿ ಅಗಲಿಸಿ, ಮಗ್ಗದಾಚೆಯಿಂದ ಹೊಸ ಹುಡುಗಿಯೊಬ್ಬಳಿಗೆ ತಿಳಿಯಹೇಳುವವನಂತೆ, ಒಂದೊಂದೇ ಮಾತನ್ನು ನಿಧಾನವಾಗಿ ಸದ್ದಿಲ್ಲದೆ ಆಡಿದ:

‘ಕೊನೇ ಮಾತಿಗೆ ನಿನ್ನ ತಲೆ ಅಡ್ಡ ಬಂತು ಡಾರ್ಕಸ್. ಕಾಣಿಸ್ಲಿಲ್ಲ. ಎಲ್ಲಿದೆ ಅಂದ್ಲು?’

ಡಾರ್ಕಸ್ ತುಟಿ ಕಚ್ಚಿ ಹಿಡಿದಳು. ಅಲುಗಿದರೆ ಸಾಕು, ಓದಿಬಿಡುತ್ತಾನೆ.

ನಟ್ಟಲ್ ಕಾದ. ಆಮೇಲೆ ಅವನ ಕಣ್ಣು ಅವಳ ಮುಖದಿಂದ ಮೆಲ್ಲಗೆ ಕೆಳಗಿಳಿದು, ಅವಳ ಕೈಯಲ್ಲಿದ್ದ ಖಾಲಿ ಇದ್ದಲ ಬಕೆಟ್ಟಿನ ಮೇಲೆ ಬಂದು ನಿಂತಿತು.